ಬಿಲ್ಲೆ ಮೆರವಣಿಗೆ

ಆ ಕಾರ್ಖಾನೆಯಲ್ಲಿ ಹೇಳದೆ ಕೇಳದೆ ಒಂದು ಪೀಪಾಯಿಯೂ ಜಾಗ ಬದಲಿಸುವಂತಿರಲಿಲ್ಲ. ಮಾಲಿಗೊಂದು ಪ್ಲಾಸ್ಟಿಕ್ ಬಿಲ್ಲೆ, ಬಾಗಿಲಿಗೊಂದು ಯಂತ್ರ. ಬಿಲ್ಲೆ ಬಾಗಿಲು ದಾಟಿದರೆ ಯಂತ್ರ ಪೀಂ ಎನ್ನಬೇಕು, ಸ್ಟೋರಿನ ಕಂಪ್ಯೂಟರ್ ಪರದೆಯಲ್ಲಿ ಆ ಮಾಲು ಹೊಸ ಜಾಗದಲ್ಲಿ ಕಾಣಿಸಬೇಕು. ಕೂತಲ್ಲೇ ಇಡೀ ಕಾರ್ಖಾನೆಯನ್ನು ನೋಡುತ್ತೇನೆಂದು ಮ್ಯಾನೇಜರು ಬಂದವರೆದುರು ಎದೆಯುಬ್ಬಿಸುತ್ತಿದ್ದರು. ಅವರು ನೋಡುತ್ತಿದ್ದುದು ಬಿಲ್ಲೆಗಳನ್ನು, ಅಷ್ಟೇ.

ಸ್ಟೋರು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಿಜವಾಗಿ ಆಕೆ ಅಕ್ಕನಾಗಿದ್ದು ಒಬ್ಬನಿಗೆ ಮಾತ್ರ. ತಾಯಿ ಹಾಸಿಗೆ ಹಿಡಿದ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ, ಈಗ ಕ್ರೇನಿನ ಕೊಕ್ಕೆಗೆ ಸರಪಳಿ ಹಾಕಿ ಹೊರೆ ಕಟ್ಟುವ ಕೆಲಸದಲ್ಲಿದ್ದ. ವಯಸ್ಸಿನ್ನೂ ಚಿಕ್ಕದು, ಆದರೆ ಎಲ್ಲದಕ್ಕೂ ಹಿಂದೆ ಮುಂದೆ ನೋಡುವ ಸ್ವಭಾವ. ಹಾಗಾಗಿ ಅವನಿಗೆ ತಾತ ಎಂದೇ ಹೆಸರು ಬಿದ್ದಿತ್ತು.

"ಏನೋ ತಾತ, ಸರಪಳಿ ಆರಿಸ್ತಿದ್ದೀಯೋ ಹೆಣ್ಣು ನೋಡ್ತಿದ್ದೀಯೋ?" ಎಂದು ಕ್ರೇನ್ ಡ್ರೈವರ್ ರೇಗಿಸುತ್ತಿದ್ದ.

"ಹೆಣ್ಣಾದ್ರೆ ಇಷ್ಟು ನೋಡ್ತಿರ್ಲಿಲ್ಲ, ಕಣ್ಮುಚ್ಚಿ ಒಪ್ಕೋತಿದ್ದೆ," ಎಂದು ತಾತ ನಗುತ್ತಿದ್ದ.

ನೋಡುವುದಾದರೂ ಏನನ್ನು? ಕೆಂಪು ಬಿಲ್ಲೆಯನ್ನು. ಉಜ್ಜಾಟಕ್ಕೆ ಉಳಿಯುವುದಿಲ್ಲವೆಂದು ಒಳ್ಳೆಯ ಸರಪಳಿಗಳಿಗೆ ಬಿಲ್ಲೆಯನ್ನೇ ಕಟ್ಟುತ್ತಿರಲಿಲ್ಲ. ಪರೀಕ್ಷೆಯಲ್ಲಿ ಸೋತವಕ್ಕೆ ಮಾತ್ರ ಕೆಂಪು ಬಿಲ್ಲೆ ಬೀಳುತ್ತಿತ್ತು. ಅಂಥವು ಸ್ಟೋರಿನ ಮೂಲೆ ಸೇರಿ, ಅಲ್ಲಿಂದ ಗುಜರಿ ಅಂಗಳಕ್ಕೆ ಹೋಗಬೇಕು. ಅಂಗಳ ಇರುವುದು ಕಾರ್ಖಾನೆಯ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಒಯ್ಯಬೇಕಾದ ಫೋರ್ಕ್‌ಲಿಫ್ಟ್ ಯಾವಾಗ ಕೇಳಿದರೂ ಬಿಡುವಿಲ್ಲ. ತಿಂಗಳ ಕೊನೆಗೆ ಮೂಲೆ ಖಾಲಿಯಾಗಿದೆಯೆಂದು ಪರದೆ ತೋರಿಸದಿದ್ದರೆ ಮ್ಯಾನೇಜರ್ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಅದಕ್ಕೆ ಸ್ಟೋರಿನವರು ಒಂದು ದಾರಿ ಕಂಡುಕೊಂಡಿದ್ದರು. ಬಿಲ್ಲೆಗಳನ್ನು ಮಾತ್ರ ಕತ್ತರಿಸಿ ಜೇಬಿಗೆ ಹಾಕಿಕೊಂಡು, ಗುಜರಿ ಅಂಗಳದ ಬಾಗಿಲಲ್ಲಿ ಒಳಹೊಕ್ಕು ಬರುವುದು. ಯಂತ್ರ ಪೀಂ ಪೀಂ ಎನ್ನುತ್ತಿತ್ತು, ಪರದೆಯ ಮೇಲೆ ಮೂಲೆ ಖಾಲಿ. ಒಮ್ಮೆ ಗುಜರಿ ಸೇರಿದ ಬಿಲ್ಲೆ ಮತ್ತೆ ಹೊರಗೆ ಬಂದರೂ ಯಂತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಯಾವಾಗಲೋ ಮಾಲು ಅಂಗಳಕ್ಕೆ ಹೋಗುವಾಗ ಬಿಲ್ಲೆ ಮತ್ತೆ ಕಟ್ಟಿದರಾಯಿತು. ಇದಕ್ಕೆ ಬಿಲ್ಲೆ ಮೆರವಣಿಗೆ ಎಂದು ಹೆಸರು. ಎಲ್ಲ ವಿಭಾಗದವರೂ ಮಾಡುತ್ತಿದ್ದರು. ಮ್ಯಾನೇಜರಿಗೂ ಗೊತ್ತಿತ್ತು, ಗೊತ್ತಿಲ್ಲದಂತೆ ಇರುವುದು ಅವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಆ ತಿಂಗಳ ಕೊನೆಗೂ ಅಕ್ಕ ಮೆರವಣಿಗೆ ಮುಗಿಸಿ ಮನೆಗೆ ಹೋದಳು. ಮೂಲೆಯಲ್ಲಿ ಒಂದೇ ಒಂದು ಸರಪಳಿ ಉಳಿದಿತ್ತು. ಅದರ ಕೊಂಡಿಯೊಂದರಲ್ಲಿ ಕೂದಲೆಳೆಯಷ್ಟು ಬಿರುಕು, ಪರೀಕ್ಷೆಯವರ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣದಂಥದ್ದು. ಮರುದಿನ ಬೆಳಿಗ್ಗೆ ಕಸ ಗುಡಿಸಲು ಬಂದವನು ಅದನ್ನು ನೋಡಿದ. ಕೆಂಪು ಬಿಲ್ಲೆ ಇಲ್ಲದ ಸರಪಳಿಗೆ ಇಲ್ಲೇನು ಕೆಲಸ ಎಂದುಕೊಂಡು ಎತ್ತಿ ಒಳ್ಳೆಯವುಗಳ ಸಾಲಿನಲ್ಲಿ ನೇತುಹಾಕಿದ. ಪಾಪ, ಅವನು ನಿಯಮದ ಪ್ರಕಾರವೇ ನಡೆದಿದ್ದ.

ಸ್ವಲ್ಪ ಹೊತ್ತಿಗೆ ತಾತ ಬಂದ. ಅಕ್ಕ ಫೋನಿನಲ್ಲಿದ್ದಳು.

"ಅಕ್ಕಾ, ಸರಪಳಿ ಒಯ್ತಿದ್ದೀನಿ!"

ಅವಳು ತಿರುಗಿ ನೋಡದೆ ಕೈಯಾಡಿಸಿದಳು.

ಫೋನಿಟ್ಟು ಮೂಲೆಯ ಕಡೆ ನೋಡಿದಾಗ ಅಲ್ಲಿ ಸರಪಳಿ ಇರಲಿಲ್ಲ. ಕಸದವನನ್ನು ಕೇಳಿದಳು. ಅವನು ಸಾಲಿನ ಕಡೆ ಬೆರಳು ತೋರಿಸಿದ, ಅಲ್ಲಿ ಖಾಲಿ ಕೊಕ್ಕೆಯೊಂದು ನೇತಾಡುತ್ತಿತ್ತು. ಅಂದು ಆವರೆಗೆ ಸರಪಳಿ ಒಯ್ದವನು ತಾತ ಒಬ್ಬನೇ.

ಗೋಡೆಯ ಮೇಲೆ ಮೈಕು ಇತ್ತು. ಗುಂಡಿ ಒತ್ತಿ 'ಕ್ರೇನ್ ನಿಲ್ಲಿಸಿ' ಎಂದರೆ ಸಾಕು, ಇಡೀ ಕಾರ್ಖಾನೆಗೆ ಕೇಳುತ್ತಿತ್ತು. ಅವಳು ಗುಂಡಿಯವರೆಗೂ ಕೈ ಒಯ್ದಳು. ಯಾಕೆ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಯಾವ ಸರಪಳಿ ಎಂದು ಕೇಳುತ್ತಾರೆ. ಗುಜರಿಗೆ ಹೋಗಿದೆ ಅಂತ ಪರದೆ ಹೇಳುತ್ತಿದೆಯಲ್ಲ ಎನ್ನುತ್ತಾರೆ. ಅಲ್ಲಿಗೆ ಕೆಲಸ ಹೋದಂತೆಯೇ. ತಾನೇ ಹೋಗಿ ಅವನ ಕಿವಿಯಲ್ಲಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಕೈ ಹಿಂದೆಗೆದುಕೊಂಡು ಸೈಕಲ್ ಹತ್ತಿದಳು.

ಜೀವ ಹೋಗುವ ಹಾಗೆ ತುಳಿದಳು. ಕ್ರೇನಿನ ಶೆಡ್ಡು ಕಣ್ಣಿಗೆ ಬಿದ್ದಿತ್ತು, ಒಳಗಿನಿಂದ ನೆಲ ನಡುಗುವ ಸದ್ದು ಬಂತು. ಆಮೇಲೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಸೈಕಲನ್ನು ಅಲ್ಲೇ ಬಿಸಾಡಿ ಓಡಿದಳು. ಕೊಂಡಿ ಬಿಟ್ಟ ಕಡೆಗೇ ಹೊರೆ ವಾಲಿ ಬಿದ್ದಿತ್ತು, ಹೊರೆ ತೂಗಾಡದಂತೆ ಹಗ್ಗ ಹಿಡಿದು ಗೋಡೆಯ ಪಕ್ಕ ನಿಂತಿದ್ದ ಅವಳ ತಮ್ಮನಿಗೆ ಸರಿಯಲು ಜಾಗವಿರಲಿಲ್ಲ. ಅವನ ಹೆಲ್ಮೆಟ್ಟಿನ ಪಟ್ಟಿ ನಿಯಮದಂತೆ ಗಲ್ಲದ ಕೆಳಗೆ ಬಿಗಿಯಾಗಿಯೇ ಇತ್ತು.

ಮಧ್ಯಾಹ್ನ ಮ್ಯಾನೇಜರ್ ಸ್ಟೋರಿಗೇ ಬಂದರು. ಜೊತೆಗೆ ಕ್ರೇನ್ ಡ್ರೈವರ್. ಮ್ಯಾನೇಜರ್ ಅವಳ ಹೆಗಲು ಮುಟ್ಟಿ ಸಮಾಧಾನ ಹೇಳಿದರು, ಪರದೆಯನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ತುಂಡಾದ ಸರಪಳಿ ಮೇಲೆ ಕೊರೆದಿರೋ ನಂಬರ್ ಇದೇ, ಇದು ನಿನ್ನೆನೇ ಗುಜರಿ ಅಂಗಳ ಸೇರಿದೆ. ನಿಮ್ಮ ತಮ್ಮ ಅಲ್ಲಿಂದ ಕದ್ದು ತಂದಿರ್ಬೇಕು. ನಿಮ್ಮದೇನೂ ತಪ್ಪಿಲ್ಲ. ಕೇಳಿದೋರಿಗೆ ಇಷ್ಟು ಹೇಳಿದ್ರೆ ಸಾಕು."

ಅವಳು ತಲೆಯಾಡಿಸಿದ್ದರೆ ಮುಗಿದೇ ಹೋಗುತ್ತಿತ್ತು. ಅಷ್ಟರಲ್ಲಿ ಡ್ರೈವರ್ ಬಿಕ್ಕುತ್ತ ಬಾಯಿಬಿಟ್ಟ.

"ಕದಿಯೋ ಜಾಯಮಾನ ಅಲ್ಲ ಸಾರ್ ಅವನ್ದು. ಅಕ್ಕಾ, ಅವನು ನೋಡಿದ. ಒಂದೊಂದು ಕೊಂಡೀನೂ ತಿರುಗಿಸಿ ತಿರುಗಿಸಿ ನೋಡಿದ. ಬೇಗ ಆಗ್ಲೋ ತಾತ ಅಂತ ನಾನೇ ಕೂಗಿದೆ. 'ಕೆಂಪು ಬಿಲ್ಲೆ ಇಲ್ಲ, ನಮ್ಮಕ್ಕ ಕೊಟ್ಟ ಮಾಲು, ಎತ್ತೋ' ಅಂದ."

ಅಕ್ಕ ಜೇಬಿನಿಂದ ಕೆಂಪು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

"ಗುಜರಿಗೆ ಹೋಗಿದ್ದು ಇದು. ಸರಪಳಿ ಇಲ್ಲೇ ಇತ್ತು."

ಮ್ಯಾನೇಜರ್ ಹೋಗಿ ಬಾಗಿಲು ಹಾಕಿದರು. "ಅದನ್ನ ಜೇಬಲ್ಲಿ ಇಟ್ಕೊಳ್ಳಿ. ಸತ್ತವನು ಹೇಗೂ ವಾಪಸ್ ಬರಲ್ಲ."

ಅವಳು ಬಿಲ್ಲೆಯನ್ನು ಮುಟ್ಟಲಿಲ್ಲ. ಗೋಡೆಯ ಹತ್ತಿರ ಹೋದಳು. ಮ್ಯಾನೇಜರಿಗೆ ಅರ್ಥವಾಗುವಷ್ಟರಲ್ಲಿ ಗುಂಡಿ ಒತ್ತಿದ್ದಳು.

"ಸ್ಟೋರಿಂದ ಮಾತಾಡ್ತಿದ್ದೀನಿ. ಕ್ರೇನ್ ನಿಲ್ಸಿ. ತಾತ ಏನೂ ಕದ್ದಿಲ್ಲ. ಆ ಸರಪಳಿಯ ಕೆಂಪು ಬಿಲ್ಲೆ ನನ್ನ ಜೇಬಲ್ಲಿತ್ತು. ಅವನು ಹುಡುಕಿದಾಗ ನನ್ನ ಜೇಬಲ್ಲಿತ್ತು. ನಿಮ್ಮ ಜೇಬಲ್ಲೂ ಇದ್ರೆ ಈಗ್ಲೇ ಹೋಗಿ ಮಾಲಿಗೆ ಕಟ್ಟಿ. ಕ್ರೇನ್ ನಿಲ್ಸಿ."

ದೂರದ ಶೆಡ್ಡುಗಳಲ್ಲಿ ಮತ್ತೆ ಓಡತೊಡಗಿದ್ದ ಕ್ರೇನುಗಳು ಒಂದೊಂದಾಗಿ ನಿಂತವು. ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಅವಳು ಅಳುವುದು ಎಲ್ಲ ಶೆಡ್ಡುಗಳಿಗೂ ಕೇಳಿಸುತ್ತಿತ್ತು.