ದಡ ಕಾಣುವ ದೂರ

ದಸರೆ ಮುಗಿದ ಮೈಸೂರಿನ ಆಯಾಸವನ್ನು ಬಲ್ಲಿರಾ, ಸಹೃದಯರೇ? ದೀಪಸರಗಳನ್ನು ಬಿಚ್ಚಿದ ಬೀದಿಗಳ ಮೇಲೆ ಹಿಂಗಾರಿನ ತುಂತುರು ಹನಿಸುತ್ತಿರಲು, ಬೆಟ್ಟದ ನೆತ್ತಿಯನ್ನು ಮೋಡವೊಂದು ಮರೆಮಾಡಿರಲು, ನವರಾತ್ರಿಯ ಸಂಭ್ರಮವನ್ನೆಲ್ಲ ಹೊತ್ತು ದಣಿದ ನಗರವು ಮಧ್ಯಾಹ್ನಕ್ಕೇ ಕಣ್ಣು ಮುಚ್ಚುವ ಆ ಮ್ಲಾನ ಸೌಂದರ್ಯ...! ೧೯೯೯ರ ಅಂಥದೊಂದು ಮಧ್ಯಾಹ್ನ, ಸಿದ್ಧಾರ್ಥನಗರದ ಮನೆಯೊಂದರಲ್ಲಿ ಸರ್ವಮಂಗಳಾ ಎಚ್ಚರವಾಗಿದ್ದಳು. ಅವಳ ಪತಿ ಮಹದೇವಪ್ರಸಾದನಿಗಂತೂ ರಜೆಗೆ ಬಂದಾಗಿನಿಂದ ನಿದ್ದೆಯೇ ಹತ್ತಿರಲಿಲ್ಲ.

ಅವನು ನೌಕಾಪಡೆಯ ಯುದ್ಧನೌಕೆಯೊಂದರ ಎಂಜಿನ್ ಕೋಣೆಯಲ್ಲಿದ್ದವನು. ಮಹಾಸಾಗರ ದಾಟುವ ದೈತ್ಯನೌಕೆಯಲ್ಲ ಅದು. ತೀರದ ಕಾಳಗಕ್ಕೆಂದೇ ಕಟ್ಟಿದ, ದೊಡ್ಡ ಹಡಗುಗಳು ಹೆದರುವ ಆಳವಿಲ್ಲದ ನೀರಿನಲ್ಲೂ ನುಸುಳಬಲ್ಲ, ಕ್ಷಿಪಣಿ ಹೊತ್ತ ಪುಟ್ಟ ವೇಗಗಾಮಿನಿ. ಗಡಿಯ ಬೆಟ್ಟಗಳಲ್ಲಿ ಯುದ್ಧ ಭುಗಿಲೆದ್ದ ಆ ಬೇಸಿಗೆಯುದ್ದಕ್ಕೂ ಅದು ಪಶ್ಚಿಮ ತೀರವನ್ನು ಕಾದಿತ್ತು.

"ದಡದ ದೀಪ ಕಾಣ್ತಾನೇ ಇರ್ತವೆ ಮಂಗಳಾ. ಇಳಿಯೋ ಹಾಗಿಲ್ಲ, ಅಷ್ಟೇ," ಎಂದಿದ್ದನವನು. ಆ ಮಾತು ಅವಳೆದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ತಾನೂ ಅವನಿಗೆ ಅಂಥದೇ ದೀಪವಲ್ಲವೆ!

ಅವನ ಸೇವಾವಧಿ ಮುಗಿಯಲಿತ್ತು. ಮುಂದುವರಿಸಬೇಕೋ, ಮನೆಗೆ ಮರಳಬೇಕೋ... "ನೀನು ಹೇಳಿದ ಹಾಗೆ," ಎಂದು ತೀರ್ಮಾನವನ್ನು ಅವಳ ಮಡಿಲಿಗೆ ಹಾಕಿದ್ದ. ಮನೆಗೆ ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಪ್ರತಿಸಲವೂ ಹಿಂದೆ ಸರಿಯುತ್ತಿತ್ತು. ಕಡಲು ಬಿಟ್ಟು ಈ ಜೀವ ಬಾಳೀತೆ?

ಅವಳು ದೋಸೆಗೆ ನೆನೆಸಿದ್ದ ಅಕ್ಕಿಯನ್ನು ಗ್ರೈಂಡರಿಗೆ ಸುರಿದು ಸ್ವಿಚ್ ಒತ್ತಿದಳು. ಕಲ್ಲು ಗರಗರ ತಿರುಗಿತು. ನೆಲ ಸಣ್ಣಗೆ ನಡುಗಿತು. ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದವನ ರೆಪ್ಪೆಗಳು ಭಾರವಾದವು. ಹಡಗಿನ ಕಿರಿದಾದ ಮಂಚದಲ್ಲಿ ಮಲಗುವವನಂತೆ ಕೈಗಳನ್ನು ಎದೆಗವುಚಿ, ಬರಿನೆಲದ ಮೇಲೆಯೇ ನಿದ್ದೆಹೋದ!

ಹಿಟ್ಟು ನುಣ್ಣಗಾಯಿತು, ಬೆಣ್ಣೆಯಂತಾಯಿತು. ದೋಸೆ ಕೆಟ್ಟರೆ ಕೆಡಲಿ ಎಂದು ಅವಳು ನೀರು ಚಿಮುಕಿಸುತ್ತ, ನಿಲ್ಲಿಸದೆ ಕುಳಿತಳು. ಅವನಿಗೆ ಬೇಕಾದದ್ದು ಈ ಸದ್ದೇ, ಆ ಹಡಗೇ ಎಂದು ಸೋತ ಮನಸ್ಸಿನಿಂದ ಒಪ್ಪಿಕೊಳ್ಳುವಷ್ಟರಲ್ಲಿ ಅವನು ನಿದ್ದೆಗಣ್ಣಿನಲ್ಲಿ ಗೊಣಗಿದ:

"ನನ್ನ ಪಾಳಿ... ಇನ್ನೂ ಮುಗೀಲಿಲ್ವಾ?"

ಅವಳ ಕಣ್ಣು ತುಂಬಿತು. ಎದ್ದು ಸ್ವಿಚ್ ಆರಿಸಿದಳು.

ಅವನು ಬೆಚ್ಚಿ ಎದ್ದು, ಹಡಗಿನ ಮಂಚದ ಕಂಬಿಗಾಗಿ ಗಾಳಿಯಲ್ಲಿ ತಡಕಾಡಿದ. "ಎಂಜಿನ್ ಯಾಕೆ ನಿಂತೋಯ್ತು?"

"ನಾನೇ ನಿಲ್ಲಿಸಿದೆ ಕಣ್ರೀ. ದಡ ಬಂತು. ಇಳ್ಕೊಳ್ಳಿ."

ತಡಕಾಡುತ್ತಿದ್ದ ಕೈಗೆ ಅವಳ ಹಿಟ್ಟಿನ ಕೈ ಸಿಕ್ಕಿತು. ಅವನು ಅದನ್ನು ಬಿಡಲಿಲ್ಲ. ಹೊರಗೆ ತುಂತುರು ನಿಂತು, ಬೆಟ್ಟದ ನೆತ್ತಿ ಮೆಲ್ಲಗೆ ಕಾಣಿಸಿತ್ತು... ತನ್ನ ದಣಿವನ್ನು ತಾನೇ ಹೇಳಿಕೊಳ್ಳಲಾರದೆ ಎಷ್ಟು ಜೀವಗಳು ಹೀಗೆ ತೀರದುದ್ದಕ್ಕೂ ಅಲೆಯುತ್ತಿವೆಯೋ! ಅವುಗಳ ಪರವಾಗಿ "ಸಾಕು" ಎನ್ನಲು ಇನ್ನೊಂದು ಜೀವ ಬೇಕು.