ಖರ್ಚಿನ ಜಾಗದಲ್ಲಿ ಸೊನ್ನೆ

ಗೋಂದಿನ ವಾಸನೆ ಮೂಗಿಗೆ ಬಡಿದೊಡನೆ ಅವಳ ಎರಡೂ ಕೈಗಳು ತಾವಾಗಿ ಮಡಿಲಿಗೆ ಬಂದವು. ಚಿಕ್ಕಂದಿನಲ್ಲಿ ಅಮ್ಮ ಮನೆಯಲ್ಲಿ ಕಾಗದದ ಕವರು ಅಂಟಿಸುವಾಗ ಇದೇ ವಾಸನೆ ಇರುತ್ತಿತ್ತು. ಆಗ ಮಕ್ಕಳು ಏನನ್ನೂ ಮುಟ್ಟುವ ಹಾಗಿರಲಿಲ್ಲ. ಈಗ ತೆರಿಗೆ ಕಚೇರಿಯ ಮೇಜಿನಾಚೆ ಅಧಿಕಾರಿಣಿ ಅವಳ ಕಡತಕ್ಕೆ ಚೀಟಿ ಅಂಟಿಸುತ್ತಿದ್ದರು. ಧೈರ್ಯ ತುಂಬಲೆಂದು ಜೊತೆಗೆ ಬಂದಿದ್ದ ನಾದಿನಿ ಅವಳಿಗಿಂತ ಹೆಚ್ಚು ಬೆವರಿದ್ದಳು.

ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುವುದು ಅವಳ ಕೆಲಸ. ಕಂಪನಿ ಅವಳನ್ನು ಪಾಲುದಾರೆ ಎನ್ನುತ್ತಿತ್ತು. ಅದು ಬರೀ ಮರ್ಯಾದೆಯ ಮಾತೆಂದು ಅವಳು ತಿಳಿದಿದ್ದಳು. ಅವಳದು ಸ್ವಂತ ಉದ್ಯೋಗ, ತೆರಿಗೆಯ ಲೆಕ್ಕ ಅವಳೇ ಒಪ್ಪಿಸಬೇಕು ಎಂಬುದು ಮೊದಲ ನೋಟೀಸು ಬಂದ ಮೇಲೆ ಅರ್ಥವಾಯಿತು. ಲೆಕ್ಕ ಒಪ್ಪಿಸಿದ ಮೇಲೆ ಬಂದ ಎರಡನೆಯದರಲ್ಲಿದ್ದ ಮೊತ್ತ ಕಟ್ಟಬೇಕಾದರೆ ಸ್ಕೂಟರ್ ಮಾರಬೇಕು. ಮಾರಿದ ಮೇಲೆ ದುಡಿಯುವುದು ಯಾವುದರಲ್ಲಿ?

"ಇಷ್ಟು ಸಂಪಾದನೆ ತೋರಿಸಿದ್ದೀರಿ. ಖರ್ಚು ಸೊನ್ನೆ," ಎಂದರು ಅಧಿಕಾರಿಣಿ. "ನಿಮ್ಮ ಗಾಡಿ ನೀರು ಕುಡಿದು ಓಡುತ್ತಾ?"

ನಾದಿನಿಯೇ ಬಾಯಿಬಿಟ್ಟಳು. "ಫೋನಲ್ಲಿ ಫಾರಂ ತುಂಬಿದ್ದು ನಾನು ಮೇಡಂ. ಖರ್ಚು ಎಷ್ಟು ಹಾಕ್ಲಿ ಅತ್ತಿಗೆ ಅಂದೆ. ಮನೆ ಖರ್ಚು ಊರಿಗ್ಯಾಕೆ ಹೇಳ್ಬೇಕು, ಸೊನ್ನೆ ಹಾಕು ಅಂದ್ರು."

"ದುಂದುಗಾತಿ ಅಂದ್ಕೋತಾರೆ ಅಂತ..." ಎಂದಳು ಅವಳು, ಮೆಲ್ಲಗೆ.

ಅಧಿಕಾರಿಣಿ ನಗಲಿಲ್ಲ. ಅಲ್ಲಿ ಕೇಳಿದ್ದು ಮನೆಯ ಖರ್ಚಲ್ಲ, ಕೆಲಸದ ಖರ್ಚು ಎಂದು ನಿಧಾನವಾಗಿ ಬಿಡಿಸಿ ಹೇಳಿದರು: ಪೆಟ್ರೋಲು, ಟೈರು, ರಿಪೇರಿ. ಅದನ್ನೆಲ್ಲ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಪೆಟ್ರೋಲಿನ ರಸೀದಿಗಳೆಲ್ಲಿ ಎಂದು ಕೇಳಿದರು.

ಅವಳು ತಡವರಿಸುತ್ತ ಹೇಳಿದಳು. ಚೀಲದೊಳಗೆ ಸೂಪಿನ ಡಬ್ಬಿ ಅಲುಗಾಡದಂತೆ ಆ ರಸೀದಿಗಳನ್ನು ಮಡಚಿ ಸಂದಿಗೆ ತುರುಕುವುದು ಅವಳ ರೂಢಿ. ಯಾರ ಮನೆಗೂ ಒಂದು ತೊಟ್ಟು ಚೆಲ್ಲಿ ಹೋದದ್ದಿಲ್ಲ. ರಸೀದಿಗಳು ಮಾತ್ರ ಡಬ್ಬಿಗೆ ಅಂಟಿಕೊಂಡೇ ಕಂಡವರ ಕಸದ ಬುಟ್ಟಿ ಸೇರಿದ್ದವು.

ಅಧಿಕಾರಿಣಿ ಪೆನ್ನು ಕೆಳಗಿಟ್ಟರು. "ಕಿಲೋಮೀಟರ್ ಲೆಕ್ಕದಲ್ಲೂ ಖರ್ಚು ಒಪ್ಪಬಹುದು. ಆದ್ರೆ ಓಡಿದ್ದಕ್ಕೆ ಆಧಾರ ಬೇಕಮ್ಮ. ಬಾಯಿಮಾತು ಬರ್ಕೊಂಡ್ರೆ ನನ್ನನ್ನೂ ಕೇಳೋರಿದ್ದಾರೆ."

ಊಟದ ಹೊತ್ತಾಗಿತ್ತು. ಅಕ್ಕಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಎದ್ದು ಹೋಗಿ ಎಂಬ ಮಾತಿಗೆ ಕಾಯುವವಳಂತೆ ಅವಳು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗಾಡಿ ಕೆಳಗಿದೆ ಮೇಡಂ," ಎಂದಳು ಕೊನೆಗೆ. "ನೋಟೀಸಲ್ಲಿರೋ ವರ್ಷದ ಮೊದಲಿಗೆ ಹೊಸದು ತಗೊಂಡಿದ್ದು. ವರ್ಷ ಮುಗಿದ್ಮೇಲಿನ ತಿಂಗಳುಗಳ ಪಾಲು ಬಿಟ್ಟು ಲೆಕ್ಕ ಹಾಕಿ. ಮೀಟರ್ ನೋಡಿ. ಕೆಲಸಕ್ಕಲ್ದೆ ಬೇರೆಲ್ಲಿಗೂ ಓಡಿಸಿಲ್ಲ."

"ನನ್ನನ್ನ ಹೆರಿಗೆಗೆ ಕರ್ಕೊಂಡೋಗಿದ್ರಲ್ಲ ಅತ್ತಿಗೆ?"

ಅವಳು ನಾದಿನಿಯನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಅಧಿಕಾರಿಣಿಯ ಕಡೆ ತಿರುಗಿ, "ಅದನ್ನ ಕಳೀರಿ ಮೇಡಂ. ಹೋಗಿ ಬಂದಿದ್ದು, ಎರಡೂ," ಎಂದಳು.

ಅಧಿಕಾರಿಣಿ ಕನ್ನಡಕ ಹಾಕಿಕೊಂಡು ಎದ್ದರು. ಕೆಳಗೆ ಬಿಸಿಲಲ್ಲಿ ಸ್ಕೂಟರಿನ ಮುಂದೆ ಬಗ್ಗಿ, ಮೀಟರಿನ ಧೂಳನ್ನು ತಮ್ಮ ಕರ್ಚೀಫಿನಲ್ಲೇ ಒರೆಸಿ ಫೋಟೋ ತೆಗೆದರು. ಸವೆದ ಟೈರಿನ ಮೇಲೂ ಒಮ್ಮೆ ಕೈಯಾಡಿಸಿದರು.

ಮೇಲೆ ಬಂದು ಲೆಕ್ಕ ಹಾಕಲು ಕೂತರು. ಅಧಿಕಾರಿಣಿ ಒಮ್ಮೆ ಕೂಡಿದರು, ಹೊಡೆದುಹಾಕಿದರು, ಮತ್ತೆ ಕೂಡಿದರು.

"ಕಟ್ಟೋದು ಸ್ವಲ್ಪ ಇದೆ. ಕಂತಲ್ಲಿ ಕಟ್ಟಿ. ಗಾಡಿ ಮಾರೋದು ಬೇಡ. ಅದನ್ನ ಕೊಂಡ ರಸೀದಿ ಮಾತ್ರ ಇವತ್ತೇ ಬೇಕು."

ನಾದಿನಿ ಅದನ್ನು ತರಲು ಮನೆಗೆ ಓಡಿದಳು. ಅವಳು ಅಲ್ಲೇ ಕುಳಿತು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಅಕ್ಷರಗಳು ಒಂದೂ ನೆಟ್ಟಗೆ ಬರಲಿಲ್ಲ.

ಅಧಿಕಾರಿಣಿ ತಮ್ಮ ಬುತ್ತಿ ಬಿಚ್ಚಿ, ಅರ್ಧವನ್ನು ಇನ್ನೊಂದು ಡಬ್ಬಿಗೆ ಹಾಕಿ ಮುಚ್ಚಿ, ಮಾತಿಲ್ಲದೆ ಮುಂದೆ ಚಾಚಿದರು. ಅವಳು ತಟ್ಟನೆ ಎದ್ದು, ಡಬ್ಬಿಯ ಕೆಳಗೆ ಅಂಗೈ ಕೊಟ್ಟು ನೆಟ್ಟಗೆ ಹಿಡಿದಳು.

"ಯಾವ ಮಹಡಿಗೆ ಮೇಡಂ?"

ಅಧಿಕಾರಿಣಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಚಮಚ ಇಟ್ಟು, ಅವಳ ಕುರ್ಚಿಯತ್ತ ಕೈ ತೋರಿದರು.