ಹೆಸರು ಹೇಳಬಾರದ ಕಲ್ಲು

ಅಜ್ಜೇರ ಕಲ್ಲಿನ ಹತ್ತಿರ ಬಂದರೆ ಕುರಿಗಳೂ ಕೂಗುವುದಿಲ್ಲ ಎಂದು ನಾಗಶ್ರೀ ಹೇಳಿದಾಗ ಎಂಟನೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಲ್ಲಿಕಾರ್ಜುನ ನಗಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಆ ಕಲ್ಲು ಎಲ್ಲಿದೆ, ಒಂದೇ ಇದೆಯೋ ಸುಮಾರು ಇವೆಯೋ, ಹೇಗೆ ನಿಂತಿವೆ ಎಂದು ಕೇಳತೊಡಗಿದ. ಕೆರೆ ಏರಿ ದಾಟಿದರೆ ಖರಾಬು ಜಮೀನಿನಲ್ಲಿ ಇವೆ ಸಾರ್, ಸುತ್ತಲೂ ನಿಂತಿವೆ, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ, ಎಂದಳು ಹುಡುಗಿ.

ಅವನು ಆ ಶಾಲೆಯ ಅತಿಥಿ ಶಿಕ್ಷಕ. ಶಿರಾಳಕೊಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟ ಮನೆಯವನು. ಇತಿಹಾಸದಲ್ಲಿ ಎಂ.ಎ. ಮಾಡಿ, ದಿನಾ ಬೈಕಿನಲ್ಲಿ ಬಂದಳಿಕೆ ದಾಟಿ ಈ ಊರಿನ ಹೈಸ್ಕೂಲಿಗೆ ಬರುತ್ತಿದ್ದ. ಖಂಡಗಳು, ಸಾಗರಗಳು, ಹಳೆ ಶಿಲಾಯುಗ, ಹೊಸ ಶಿಲಾಯುಗ ಎಲ್ಲವನ್ನೂ ಹೇಳಿ ಮುಗಿಸಿದ್ದ. ಮಕ್ಕಳು ಅದನ್ನೆಲ್ಲ ಯಾರದೋ ಮನೆಯ ಸುದ್ದಿಯಂತೆ ಕೇಳಿಸಿಕೊಂಡಿದ್ದವು. ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆಯಲ್ಲಿ ಅಂಟಾರ್ಕ್ಟಿಕಾವನ್ನು ಗೆದ್ದಲು ತಿಂದು ಮುಗಿಸಿತ್ತು. ನೈಲ್ ನದಿ ನಮ್ಮ ಕುಮುದ್ವತಿಗಿಂತ ದೊಡ್ಡದಾ ಎಂದು ಒಬ್ಬ ಕೇಳಿದ್ದೇ ಆ ತಿಂಗಳ ದೊಡ್ಡ ಪ್ರಶ್ನೆ. ಈಗ ಈ ಹುಡುಗಿ ತಾನೇ ಎದ್ದು ನಿಂತು, ಮೂರು ಸಾವಿರ ವರ್ಷದ ಹಿಂದಿನದು ಕೆರೆಯ ಆಚೆಗೇ ಇದೆ ಎನ್ನುತ್ತಿದ್ದಳು.

ನಾಗಶ್ರೀಯನ್ನು ಊರಿನಲ್ಲಿ ಎಲ್ಲರೂ ಬಲ್ಲರು. ಕುರಿ ಸಾಕುವ ತಿಪ್ಪೇಶನ ಮಗಳು. ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಬೆನ್ನನ್ನು ಕಾಲಿನಿಂದ ಮುಟ್ಟಿದರೆ ಹಿಡಿದುಕೊಂಡದ್ದು ಬಿಡುತ್ತದೆ ಎಂಬ ನಂಬಿಕೆ. ಗೊಬ್ಬರದ ಚೀಲ ಎತ್ತಿ ಬೆನ್ನು ಹಿಡಿದುಕೊಂಡವರು ಬೆಳಿಗ್ಗೆ ತಿಪ್ಪೇಶನ ಮನೆಯ ಮುಂದೆ ಬಂದು ಬೋರಲು ಮಲಗುತ್ತಿದ್ದರು. ಅವಳು ಹಲ್ಲುಜ್ಜುತ್ತಲೇ ಬಂದು ಎಡಗಾಲಿನಿಂದ ಬೆನ್ನು ನೀವಿ ಹೋಗುತ್ತಿದ್ದಳು. ಹೆಡ್ ಮೇಷ್ಟ್ರು ಗಂಗಾಧರಪ್ಪನವರೂ ಬಿಡಲಿಲ್ಲ. ಆಫೀಸು ರೂಮಿನ ಬಾಗಿಲು ಹಾಕಿಸಿ ಚಾಪೆಯ ಮೇಲೆ ಮಲಗಿದ್ದನ್ನು ಹುಡುಗರು ಕಿಟಕಿಯಿಂದ ನೋಡಿಬಿಟ್ಟಿದ್ದರು. ಹೋಮ್‌ವರ್ಕ್ ಮಾಡದಿದ್ದರೆ ನಿನಗೇನೂ ಭಯವಿಲ್ಲ ಬಿಡೇ, ಹೆಡ್ ಮೇಷ್ಟ್ರೇ ನಿನ್ನ ಕಾಲ ಕೆಳಗಿದ್ದಾರೆ ಎಂದು ಆಮೇಲೆ ಅವಳನ್ನು ಕಾಡಿದ್ದೇ ಕಾಡಿದ್ದು.

ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಮಲ್ಲಿಕಾರ್ಜುನ ಮಕ್ಕಳನ್ನು ಕರೆದುಕೊಂಡು ಕೆರೆ ದಾಟಿದ. ಕಲ್ಲುಗಳು ಅವಳು ಹೇಳಿದ ಹಾಗೆಯೇ ಇದ್ದವು. ಆಳೆತ್ತರದ ಚಪ್ಪಡಿಗಳು ಅರ್ಧ ಹೂತು, ಒಳಮುಖವಾಗಿ ವಾಲಿಕೊಂಡು, ನಡುವೆ ಇರುವುದನ್ನು ಬಗ್ಗಿ ನೋಡುತ್ತಿರುವಂತೆ ನಿಂತಿದ್ದವು. ಸುತ್ತ ಹುಲ್ಲು ಹುಲುಸಾಗಿ ಬೆಳೆದಿತ್ತು. ಒಂದು ಕುರಿಯೂ ಅದಕ್ಕೆ ಬಾಯಿ ಹಾಕಿರಲಿಲ್ಲ. ಮಕ್ಕಳು ಹತ್ತಿರ ಬರುತ್ತಿದ್ದ ಹಾಗೆ ಮಾತು ನಿಲ್ಲಿಸಿದವು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಹೆದರುವುದಕ್ಕೆ ಏನಿದೆ, ಇದು ಕಬ್ಬಿಣ ಯುಗದ ಜನರ ಸಮಾಧಿ ಎಂದ. ಅವರೂ ನಮ್ಮ ಹಾಗೆ ರಾಗಿ ಬೆಳೆದವರು, ಕುರಿ ಮೇಯಿಸಿದವರು. ಸತ್ತವರ ಜೊತೆ ಮಡಕೆ, ಕುಡುಗೋಲು, ಮಣಿಸರ ಇಟ್ಟು ಮುಚ್ಚುತ್ತಿದ್ದರು. ಮಕ್ಕಳ ಕಣ್ಣು ಇನ್ನೂ ಕೆರೆಯ ಕಡೆಗೇ ಇದ್ದುದನ್ನು ನೋಡಿ, ಕೆಲವು ಕಡೆ ಬಂಗಾರದ ಮಣಿಯೂ ಸಿಕ್ಕಿದೆ ಎಂದು ಸೇರಿಸಿದ. ಆಗ ಎಲ್ಲರೂ ಅವನ ಕಡೆ ತಿರುಗಿದರು.

ಫೋನಿನಲ್ಲಿ ವಿಡಿಯೋ ಮಾಡಿದ, ಬಂಗಾರದ ಮಾತನ್ನು ಅದರಲ್ಲೂ ಹೇಳಿದ. ದೊಡ್ಡ ಚಪ್ಪಡಿಯ ಪಕ್ಕ ನಾಗಶ್ರೀಯನ್ನು ನಿಲ್ಲಿಸಿ, ಇದನ್ನು ತೋರಿಸಿಕೊಟ್ಟವಳು ನಮ್ಮ ನಾಗಶ್ರೀ, ಕಾಲು ಮುಂದಾಗಿ ಹುಟ್ಟಿದವಳು, ನೆಲದ ಕೆಳಗೆ ಇರುವುದೆಲ್ಲ ಇವಳಿಗೆ ಕಾಣುತ್ತದೆ ಎಂದು ನಕ್ಕ. ಹುಡುಗಿ ನಗಲಿಲ್ಲ. ಕ್ಯಾಮೆರಾ ನೋಡದೆ ತನ್ನ ಪಾದಗಳನ್ನೇ ನೋಡುತ್ತಿದ್ದಳು. ಸಂಜೆಯ ಹೊತ್ತಿಗೆ ಆ ವಿಡಿಯೋ ಶಿಕ್ಷಕರ ಗುಂಪಿಗೆ ಹೋಯಿತು, ಅಲ್ಲಿಂದ ಅವನಿಗೆ ಗೊತ್ತಿಲ್ಲದ ಕಡೆಗೆಲ್ಲ ಹೋಯಿತು. ಹೊಗಳಿಕೆ ಬಂತು. ಊಟ ಮಾಡುತ್ತಲೂ ಅವನು ಅದನ್ನೇ ಓದುತ್ತಿದ್ದ.

ಸೋಮವಾರ ನಾಗಶ್ರೀಯ ಅಜ್ಜಿ ಗುತ್ಯಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು.

"ಮೇಷ್ಟ್ರೇ, ಅಲ್ಲಿ ಮಾತಾಡಿದ್ರಂತೆ."

ಪಾಠ ಮಾಡಿದೆ ಅಜ್ಜಿ ಎಂದ ಅವನು.

"ಪಾಠ ಮಾಡ್ರಿ, ನಾನೇನೂ ಬ್ಯಾಡ ಅನ್ನಲ್ಲ. ಮಗೀನ ಹೆಸರು ಹೇಳಿದ್ರಾ?"

ಹೇಳಿದೆ ಎಂದ. ಅವಳು ಬಯ್ಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೇಳಿದ್ದು ಇಷ್ಟು: ಅಲ್ಲಿ ಮಲಗಿರುವವರಿಗೆ ಹೆಸರಿಲ್ಲ, ಬದುಕಿರುವವರ ಹೆಸರು ಕಿವಿಗೆ ಬಿದ್ದರೆ ಬೇಕು ಅನ್ನುತ್ತಾರೆ. ತಮ್ಮ ಮನೆಯವರು ಅಲ್ಲಿ ನಾಯಿಯನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಮಲ್ಲಿಕಾರ್ಜುನ ತಾಳ್ಮೆಯಿಂದ ಕೇಳಿಸಿಕೊಂಡ. ಮುಂದಿನ ಪೀರಿಯಡ್ಡಿನಲ್ಲಿ, ಪ್ರಾಚೀನ ನಂಬಿಕೆಗಳು ಇಂದಿಗೂ ಹೇಗೆ ಉಳಿದಿವೆ ಎಂಬುದಕ್ಕೆ ಅದನ್ನೇ ಉದಾಹರಣೆಯಾಗಿ ಕೊಟ್ಟ.

ಆ ವಾರದಲ್ಲೇ ಬಿಸಿಯೂಟದ ಹೊತ್ತಿಗೆ ಬಿಳಿ ಕಾರು ಬಂತು. ಇಳಿದವರು ಇಬ್ಬರು. ಒಬ್ಬ ಮಾತಾಡಲೇ ಇಲ್ಲ. ಇನ್ನೊಬ್ಬ, ತಿಳಿನೀಲಿ ಅಂಗಿಯವನು, ಬಹಳ ಮರ್ಯಾದೆಯವನು. ಸಂಶೋಧನೆ ಮಾಡುತ್ತಿದ್ದೇವೆ, ನಿಮ್ಮ ವಿಡಿಯೋ ನೋಡಿದೆವು, ಇಂಥ ಮೇಷ್ಟ್ರು ಊರಿಗೊಬ್ಬರಿದ್ದರೆ ಸಾಕಿತ್ತು ಎಂದ. ಸಮಾಧಿಯ ಬಾಯಿ ಯಾವ ದಿಕ್ಕಿಗಿದೆ ಎಂದು ಕೇಳಿದ. ಮಲ್ಲಿಕಾರ್ಜುನ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದ. ಇಷ್ಟು ದಿನ ಅವನನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಫೋನ್ ನಂಬರನ್ನೂ ಕೊಟ್ಟ. ನಾಳೆ ಬೆಳಿಗ್ಗೆ ಬರುತ್ತೇವೆ, ಆ ಹುಡುಗಿಯನ್ನು ಜೊತೆಗೆ ಕಳಿಸಿ, ಜಾಗ ತೋರಿಸಲಿ ಎಂದ ನೀಲಿ ಅಂಗಿಯವನು. ನಾನೇ ಬರುತ್ತೇನಲ್ಲ ಎಂದ ಮಲ್ಲಿಕಾರ್ಜುನ. ಅಯ್ಯೋ, ನಿಮಗೆ ಕ್ಲಾಸಿರುತ್ತೆ ಸಾರ್, ಮಕ್ಕಳ ಪಾಠ ಕೆಡಬಾರದು ಎಂದು ಅವನು ಕೈ ಮುಗಿದ. ಸರಿ ಎಂದ ಮಲ್ಲಿಕಾರ್ಜುನ. ಅವರು ಹೋದ ಮೇಲೆ ಹೆಸರು ಕೇಳಲಿಲ್ಲವಲ್ಲ ಎಂದು ನೆನಪಾಯಿತು. ನಾಳೆ ಅಮಾವಾಸ್ಯೆ ಎಂಬುದು ನೆನಪಾಗಲಿಲ್ಲ.

ಮರುದಿನ ಅವರು ಬರುವ ಮೊದಲು ಜಾಗ ಒಮ್ಮೆ ನೋಡಿಕೊಂಡು ಹೋಗೋಣ ಎಂದು ಅವನು ಬೈಕನ್ನು ಕೆರೆ ಏರಿಯ ಮೇಲೆ ಹತ್ತಿಸಿದ. ದೂರದಿಂದಲೇ ದೊಡ್ಡ ಚಪ್ಪಡಿ ಕಾಣಲಿಲ್ಲ. ಹತ್ತಿರ ಹೋದಾಗ ಅದು ಮಗುಚಿ ಬಿದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಚೌಕಾಕಾರದ ಗುಂಡಿ. ಅಗೆದವರು ಅವಸರದಲ್ಲಿ ಅಗೆದಿರಲಿಲ್ಲ. ಅಂಚುಗಳು ನೆಟ್ಟಗಿದ್ದವು, ತಳವನ್ನು ಸಗಣಿಯಿಂದ ಸಾರಿಸಿದ್ದರು. ಅರಿಶಿನ, ಕುಂಕುಮ, ಕೊಯ್ದ ನಿಂಬೆಹಣ್ಣು. ನಡುವೆ ಒಂದು ಮಣೆ, ಅದರ ಮೇಲೆ ಯಾರೂ ಕೂತಿರಲಿಲ್ಲ. ಮಡಕೆಯ ಚೂರುಗಳನ್ನು ಮಾತ್ರ ಕಸದಂತೆ ಒಂದು ಮೂಲೆಗೆ ಗುಡಿಸಿದ್ದರು.

ಗುತ್ಯಮ್ಮ ಆಗಲೇ ಬಂದು ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವನನ್ನು ನೋಡಿ ಏಳಲಿಲ್ಲ. ಕೈಯೆತ್ತಿ ಮಣೆಯ ಆಚೆ ತೋರಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಹೊಸ ಕೆಂಪು ಲಂಗ. ಅದರ ಮೇಲೆ ಹಸಿರು ಗಾಜಿನ ಬಳೆ. ಚಿಕ್ಕ ಅಳತೆಯವು. ಹದಿಮೂರು ವರ್ಷದ ಹುಡುಗಿಯ ಕೈಗೆ ಸರಿಯಾಗುವಂಥವು.

ನಿಧಿ ತೆಗೆಯುವವರ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿ ಮಡಿಸಿಟ್ಟವನು. ಕಾಲು ಮುಂದಾಗಿ ಹುಟ್ಟಿದವರನ್ನು ಅವರು ಬಲಿಗೆ ಯಾಕೆ ಹುಡುಕುತ್ತಾರೆ ಎಂದು ಚಿಕ್ಕಂದಿನಲ್ಲಿ ಅಂಗಡಿಯ ಮುಂದೆ ಕೂತ ಮುದುಕರು ಹೇಳಿದ್ದು ಈಗ ಒಂದೊಂದೇ ಮಾತಾಗಿ ಮೇಲೆ ಬಂತು. ಬಂಗಾರ ಎಂದವನು ತಾನು. ಕಾಣುತ್ತದೆ ಎಂದವನೂ ತಾನೇ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗಂಗಾಧರಪ್ಪನವರು. ನಿಮ್ಮ ಸಂಶೋಧನೆಯವರು ಬೇಗನೇ ಬಂದಿದ್ದಾರೆ, ಹುಡುಗಿಯನ್ನು ಕಳಿಸಲು ನೀವೇ ಒಪ್ಪಿದ್ದೀರಂತೆ, ಕಳಿಸುತ್ತಿದ್ದೇನೆ ಎಂದರು.

"ಕಳಿಸಬೇಡಿ ಸಾರ್."

"ಯಾರನ್ನ?"

ಮಲ್ಲಿಕಾರ್ಜುನ ಬಾಯಿ ತೆರೆದ. ಗುತ್ಯಮ್ಮ ಅವನನ್ನೇ ನೋಡುತ್ತಿದ್ದಳು. ಗುಂಡಿಯಿಂದ ಹಸಿ ಮಣ್ಣಿನ ವಾಸನೆ ಏಳುತ್ತಿತ್ತು, ಯಾವುದೋ ಕಾಲದಿಂದ ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದ ಹಾಗೆ. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು.

"ಹಲೋ, ಯಾರನ್ನ್ರೀ? ಸರಿಯಾಗಿ ಹೇಳ್ರಿ, ಕೇಳ್ತಾ ಇಲ್ಲ."

"ನಿಮ್ಮ ಬೆನ್ನು ತುಳಿಯೋಳನ್ನ ಸಾರ್. ಗೇಟು ದಾಟೋಕೆ ಬಿಡಬೇಡಿ."

ಗಂಗಾಧರಪ್ಪನವರು ದನಿ ತಗ್ಗಿಸಿ, ಅವಳು ಇಲ್ಲೇ ಇದ್ದಾಳೆ, ನಾನು ಚಾಪೆ ಮೇಲೇ ಇದ್ದೀನಿ, ಅವರನ್ನು ಹೊರಗೆ ಕೂರಿಸಿದ್ದೀನಿ ಎಂದರು. ಅವರ ಬೆನ್ನು ಆ ದಿನವೇ ಹಿಡಿದುಕೊಂಡಿತ್ತು. ಹೋಗುವ ಮೊದಲು ಒಮ್ಮೆ ಮುಟ್ಟಿ ಹೋಗಮ್ಮ ಎಂದು ಒಳಗೆ ಕರೆದಿದ್ದರು. ಅದಿಲ್ಲದಿದ್ದರೆ ಕಾರು ಆಗಲೇ ಕೆರೆಯ ದಾರಿ ಹಿಡಿದಿರುತ್ತಿತ್ತು.

ಗುತ್ಯಮ್ಮನನ್ನು ಹಿಂದೆ ಕೂರಿಸಿಕೊಂಡು ಅವನು ಶಾಲೆ ಮುಟ್ಟಿದಾಗ ಕಾರಿರಲಿಲ್ಲ. ಹುಡುಗಿ ಆಫೀಸು ರೂಮಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಕಳಿಸಲಾಗುವುದಿಲ್ಲ ಎಂದಾಗ ಆ ಮನುಷ್ಯ ಸಿಟ್ಟಾಗಲಿಲ್ಲ, ನಕ್ಕು ಕೈ ಮುಗಿದು ಹೋದ ಎಂದು ಗಂಗಾಧರಪ್ಪನವರು ಹೇಳಿದರು. ಅಜ್ಜಿ ಮೊಮ್ಮಗಳ ಎರಡೂ ಪಾದಗಳನ್ನು ತನ್ನ ಸೆರಗಿನಿಂದ ಒರೆಸಿದಳು, ಯಾರೋ ಅವನ್ನು ಮುಟ್ಟಿದ್ದಾರೆ ಎನ್ನುವ ಹಾಗೆ.

ಪೊಲೀಸರು ಬಂದು ಗುಂಡಿಯ ಫೋಟೋ ತೆಗೆದುಕೊಂಡು ಹೋದರು. ಕಾರಿನ ನಂಬರು ಯಾರೂ ನೋಡಿರಲಿಲ್ಲ. ವಿಡಿಯೋವನ್ನು ಮಲ್ಲಿಕಾರ್ಜುನ ಅಳಿಸಿದ. ಎರಡೇ ದಿನಕ್ಕೆ ಅದೇ ವಿಡಿಯೋ, ಬೇರೆ ಯಾರದೋ ಸಂಗೀತ ಹಾಕಿಸಿಕೊಂಡು, ಅವನ ಚಿಕ್ಕಪ್ಪನ ಫೋನಿಗೆ ಬಂತು. ತಿಪ್ಪೇಶ ಮಗಳ ಟಿಸಿ ತೆಗೆದುಕೊಂಡು ಹೋಗಿ ಸೊರಬದ ಕಡೆ ತಂಗಿಯ ಊರಿನಲ್ಲಿ ಬಿಟ್ಟು ಬಂದ. ಹೋಗುವ ದಿನ ನಾಗಶ್ರೀ ಕ್ಲಾಸಿನ ಬಾಗಿಲಿಗೆ ಬಂದು, ಸಾರ್, ಅಲ್ಲಿನ ಸ್ಕೂಲಿನ ನಕ್ಷೆಯಲ್ಲಿ ಅಂಟಾರ್ಕ್ಟಿಕಾ ಇರುತ್ತಾ ಎಂದು ಕೇಳಿದಳು. ಇರುತ್ತದೆ ಎಂದ. ನೋಡ್ತೀನಿ ಎಂದು ಹೋದಳು. ಅವಳ ಬೆನ್ನು ಗೇಟು ದಾಟುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ.

ಮಗುಚಿದ ಚಪ್ಪಡಿಯನ್ನು ಎತ್ತಿ ನಿಲ್ಲಿಸಲು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಗುಂಡಿಯಲ್ಲಿ ನೀರು ನಿಂತಿತು.

ದಸರಾ ರಜೆ ಕಳೆದು ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವನ ಫೋನ್ ಬಡಿಯಿತು. ಗುರುತಿಲ್ಲದ ನಂಬರು. ಆದರೆ ದನಿಯ ಮರ್ಯಾದೆಯಿಂದ ನೀಲಿ ಅಂಗಿಯವನ ಗುರುತು ಸಿಕ್ಕಿತು.

"ನಮಸ್ಕಾರ ಸಾರ್, ಆರಾಮಾ? ಅಂಥ ಕಲ್ಲು ಬೇರೆ ಕಡೆನೂ ಇವೆ ಸಾರ್, ತೋರಿಸೋರು ಬೇಕು. ಆ ಹುಡುಗಿ ಈಗ ಯಾವ ಸ್ಕೂಲು?"

ಮಲ್ಲಿಕಾರ್ಜುನನಿಗೆ ಬಯ್ಯಬೇಕು ಎನ್ನಿಸಿತು. ಸುಳ್ಳೊಂದು ಊರಿನ ಹೆಸರು ಹೇಳಬೇಕು ಎಂದೂ ಅನ್ನಿಸಿತು. ಬಾಯಿ ತೆರೆದರೆ ಏನು ಹೊರಬೀಳುತ್ತದೋ ಎಂಬ ಹೆದರಿಕೆಯಲ್ಲಿ ತುಟಿ ಬಿಗಿದು ನಿಂತ. ಆ ಕಡೆಯವನೂ ಕಾದ. ಅವನಿಗೆ ಅವಸರವಿರಲಿಲ್ಲ. ಆ ಮೌನದ ಹಿಂದೆ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು, ಕಡಲೆಕಾಯಿ ಮಾರುವವನ ಕೂಗು ಇತ್ತು. ಆಮೇಲೆ ಕಂಡಕ್ಟರನ ದನಿ, ಬೇಸರದಿಂದ, ಒಂದೇ ರಾಗದಲ್ಲಿ: ಸೊರಬ, ಸೊರಬ, ಸೊರಬ.

"ಇರ್ಲಿ ಬಿಡಿ ಸಾರ್, ಕೇಳ್ಕೊಂಡು ಹೋಗ್ತೀವಿ" ಎಂದು ಅವನು ಫೋನ್ ಇಟ್ಟ.

ಮಲ್ಲಿಕಾರ್ಜುನ ತಿಪ್ಪೇಶನಿಗೆ ಫೋನ್ ಮಾಡಿದ. ನಡೆದದ್ದನ್ನು ಹೇಳಿದ, ಬಸ್ಸಿನ ಮಾತನ್ನೂ ಹೇಳಿದ, ನಂಬರನ್ನು ಪೊಲೀಸರಿಗೆ ಈಗಲೇ ಕೊಡುತ್ತೇನೆ ಎಂದ. ತಿಪ್ಪೇಶ ನಡುವೆ ಬಾಯಿ ಹಾಕದೆ ಕೇಳಿದ. ಅವನ ಹಿಂದೆ ಕುರಿಗಳು ಕೂಗುತ್ತಿದ್ದವು.

"ಆಯ್ತು" ಎಂದ. "ನನ್ನ ತಂಗಿಗೆ ಈಗ್ಲೇ ಹೇಳ್ತೀನಿ. ಬಸ್ಸು ಮುಟ್ಟೋದ್ರೊಳಗೆ ಮಗಳು ಅಲ್ಲಿಂದ ಹೊರಟಿರ್ತಾಳೆ."

"ಎಲ್ಲಿಗೆ?"

"ಅದನ್ನ ನಿಮಗೆ ಹೇಳಲ್ರೀ ಮೇಷ್ಟ್ರೇ."

ದನಿಯಲ್ಲಿ ಕೋಪವಿರಲಿಲ್ಲ. ಹಾಗಾಗಿಯೇ ಅದು ಒಳಗೆ ಇಳಿಯಿತು. ಬೇಡ, ಹೇಳಬೇಡಿ ಎಂದ ಮಲ್ಲಿಕಾರ್ಜುನ.

ಪೊಲೀಸರಿಗೆ ನಂಬರು ಬರೆಸಿ ಅವನು ಕ್ಲಾಸಿಗೆ ಹೋದಾಗ ಬೆಲ್ಲು ಹೊಡೆದು ಬಹಳ ಹೊತ್ತಾಗಿತ್ತು. ಮಕ್ಕಳು ಈಜಿಪ್ಟಿನ ಪಾಠ ತೆರೆದಿಟ್ಟುಕೊಂಡು ಕೂತಿದ್ದವು. ಪಿರಮಿಡ್ಡಿನ ಚಿತ್ರದ ಮೇಲೆ ಬೆರಳಿಟ್ಟು, ಇದರೊಳಗೆ ಏನಿತ್ತು ಸಾರ್ ಎಂದು ಮುಂದಿನ ಬೆಂಚಿನ ದೀಪಶ್ರೀ ಕೇಳಿದಳು.

ಸತ್ತವರು ಎಂದ ಅವನು.

ಇನ್ನೇನಿತ್ತು ಸಾರ್ ಎಂದಳು. ಅವರ ಹೆಸರೇನು ಎಂದು ಇನ್ನೊಬ್ಬ ಕೇಳಿದ. ಎಲ್ಲವೂ ಪುಸ್ತಕದಲ್ಲೇ ಇತ್ತು. ಮಲ್ಲಿಕಾರ್ಜುನ ಪುಟ ತಿರುವಿ, ಮೊದಲು ನದಿಯ ಬಗ್ಗೆ ಓದೋಣ ಎಂದ.